ಮೇಂಟೆನೆನ್ಸ್ ಎಷ್ಟಿಡಬೇಕು: 32 ಮನೆಗಳ ಖಜಾಂಚಿಯ ಲೆಕ್ಕ

"ಪಕ್ಕದ ಅಪಾರ್ಟ್‌ಮೆಂಟ್‌ನಲ್ಲಿ ಚದರಡಿಗೆ ಮೂರೇ ರೂಪಾಯಿಯಂತೆ, ನಮ್ಮಲ್ಲಿ ಯಾಕೆ ನಾಲ್ಕು ಮೂವತ್ತು?" ಬೆಂಗಳೂರಿನ ಯಾವ ಅಸೋಸಿಯೇಶನ್ ಮೀಟಿಂಗಿಗೆ ಹೋದರೂ ಈ ಪ್ರಶ್ನೆ ಏಳುತ್ತದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವಳು ನಾನು. ನಮ್ಮ ಕಟ್ಟಡದ ಖಜಾಂಚಿಯಾದ ಮೇಲೆ ಈ ಪ್ರಶ್ನೆಗೆ ಒಂದು ಹಾಳೆ ತೋರಿಸಿ ಸುಮ್ಮನಾಗುತ್ತೇನೆ. ಆ ಹಾಳೆ ಮಾಡುವುದು ಹೇಗೆಂದು ಹೇಳುತ್ತೇನೆ.

ದರವನ್ನು ಪಕ್ಕದವರನ್ನು ನೋಡಿ ಇಡಬೇಡಿ. ನಿಮ್ಮ ಕಟ್ಟಡದಲ್ಲಿ ಏನೇನು ಸವೆಯುತ್ತಿದೆ ಎಂದು ನೋಡಿ ಇಡಿ. ಹಾಳೆಯ ಮೇಲ್ಭಾಗದಲ್ಲಿ ತಿಂಗಳ ಖರ್ಚು. ನಮ್ಮಲ್ಲಿ ಸೆಕ್ಯುರಿಟಿ 46,000, ಹೌಸ್‌ಕೀಪಿಂಗ್ 28,000, ಕಾಮನ್ ಮೀಟರಿನ ಬೆಸ್ಕಾಂ ಬಿಲ್ಲು 24,000, ಎರಡು ಲಿಫ್ಟಿನ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) 9,000, ಜನರೇಟರ್ ಡೀಸೆಲ್ 5,000, ಪ್ಲಂಬರ್, ಎಲೆಕ್ಟ್ರಿಷಿಯನ್, ಫಿನಾಯಿಲ್, ಬಲ್ಬು ಎಲ್ಲ ಸೇರಿ 8,000. ಒಟ್ಟು 1,20,000. ಇದು ಎಲ್ಲರಿಗೂ ಗೊತ್ತಿರುವ ಭಾಗ.

ಕೆಳಭಾಗ ಬಹಳ ಕಡೆ ಇರುವುದೇ ಇಲ್ಲ. ಮುಂದೆ ಬದಲಾಯಿಸಲೇಬೇಕಾದ ಒಂದೊಂದು ವಸ್ತುವನ್ನೂ ಬರೆದು, ಇವತ್ತಿನ ಕೊಟೇಶನ್ ತರಿಸಿ, ಇನ್ನು ಎಷ್ಟು ವರ್ಷ ಬಂದೀತೆಂದು ಮೆಕ್ಯಾನಿಕ್ಕನ್ನೇ ಕೇಳಿ ಭಾಗಿಸಿ. ಹೊರಗಿನ ಪೇಂಟಿಂಗ್ 9 ಲಕ್ಷ, ಆರು ವರ್ಷಕ್ಕೊಮ್ಮೆ: ವರ್ಷಕ್ಕೆ ಒಂದೂವರೆ ಲಕ್ಷ. ಲಿಫ್ಟ್ ಎರಡಕ್ಕೂ 24 ಲಕ್ಷ, ಇನ್ನು 15 ವರ್ಷ: 1,60,000. ಜನರೇಟರ್ 6 ಲಕ್ಷ, 10 ವರ್ಷ: 60,000. ಟೆರೇಸಿನ ವಾಟರ್‌ಪ್ರೂಫಿಂಗ್ 4 ಲಕ್ಷ, 8 ವರ್ಷ: 50,000. ಬೋರ್‌ವೆಲ್ ಮೋಟಾರು, ಕೇಬಲ್ಲು 1,20,000, ನಾಲ್ಕು ವರ್ಷ: 30,000. ಒಟ್ಟು ವರ್ಷಕ್ಕೆ ನಾಲ್ಕೂವರೆ ಲಕ್ಷ, ತಿಂಗಳಿಗೆ 37,500.

ಎರಡೂ ಸೇರಿದರೆ 1,57,500. ನಮ್ಮ 32 ಮನೆಗಳ ಒಟ್ಟು ವಿಸ್ತೀರ್ಣ 36,800 ಚದರಡಿ. ಭಾಗಿಸಿದರೆ ನಾಲ್ಕು ರೂಪಾಯಿ ಇಪ್ಪತ್ತೆಂಟು ಪೈಸೆ. ಅದನ್ನು 4.30 ಮಾಡಿದೆವು. ಮೂರು ರೂಪಾಯಿ ಕಟ್ಟುವವರು ಕಡಿಮೆ ಖರ್ಚು ಮಾಡುತ್ತಿದ್ದಾರೆ ಎಂದೇನಿಲ್ಲ. ಪೇಂಟಿಂಗ್ ಬಂದ ವರ್ಷ ಮನೆಗೆ ಮೂವತ್ತು ಸಾವಿರ ಒಟ್ಟಿಗೆ ಕೇಳುತ್ತಾರೆ, ಅಷ್ಟೇ. ಬಾಡಿಗೆಗೆ ಕೊಟ್ಟು ದುಬೈನಲ್ಲೋ ಅಮೆರಿಕದಲ್ಲೋ ಇರುವ ಓನರ್ ಆಗ ಫೋನೇ ಎತ್ತುವುದಿಲ್ಲ.

ಆ 37,500 ಪ್ರತಿ ತಿಂಗಳೂ ಬೇರೆ ಖಾತೆಗೆ ಹೋಗಬೇಕು. ಒಂದೇ ಖಾತೆಯಲ್ಲಿದ್ದರೆ ಅದು ದೀಪಾವಳಿ ಬೋನಸ್ಸಿಗೂ ಗಣೇಶನ ಪೆಂಡಾಲಿಗೂ ಕರಗಿಹೋಗುತ್ತದೆ. ದೊಡ್ಡ ಮೊತ್ತವಾದಾಗ ಎಫ್‌ಡಿ ಮಾಡಿ, ಬಡ್ಡಿಗೆ ತೆರಿಗೆ ಇದೆ ಎನ್ನುವುದು ನೆನಪಿರಲಿ. "ನಮ್ಮ ದುಡ್ಡು ನಾವೇ ಇಟ್ಟುಕೊಂಡಿದ್ದೇವೆ, ತೆರಿಗೆ ಯಾಕೆ?" ಎಂದು ವಾದಿಸುವವರಿಗೆ 2013ರ ಬ್ಯಾಂಗಲೋರ್ ಕ್ಲಬ್ ಪ್ರಕರಣ ಹೇಳಿ. ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿಗೆ ಆ ವಾದ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಿದೆ.

ಜಿಎಸ್‌ಟಿ ಬಗ್ಗೆ ಅನಗತ್ಯ ಭಯ ಬೇಡ. ಒಬ್ಬ ಸದಸ್ಯರ ತಿಂಗಳ ವಂತಿಗೆ 7,500 ರೂಪಾಯಿ ಮೀರಬೇಕು, ಅಸೋಸಿಯೇಶನ್ನಿನ ವರ್ಷದ ವಹಿವಾಟೂ 20 ಲಕ್ಷ ದಾಟಬೇಕು; ಎರಡೂ ಆದಾಗ ಮಾತ್ರ ವಂತಿಗೆಯ ಮೇಲೆ ತೆರಿಗೆ. ಟೆರೇಸಿನ ಮೇಲೆ ಮೊಬೈಲ್ ಟವರ್ ಇದ್ದು ಬಾಡಿಗೆ ಬರುತ್ತಿದ್ದರೆ ಅದು ಬೇರೆ ಲೆಕ್ಕ, ಆಡಿಟರನ್ನು ಮೊದಲೇ ಕೇಳಿ.

ಗ್ರೌಂಡ್ ಫ್ಲೋರಿನ ರಾಯರು ಒಬ್ಬರು, "ನಾನು ಲಿಫ್ಟ್ ಹತ್ತೋದೇ ಇಲ್ಲ ಮೇಡಂ, ಅದರ ದುಡ್ಡು ನಾನ್ಯಾಕೆ ಕೊಡ್ಲಿ?" ಅಂತಾರೆ. ನಾನು, "ಸರ್, ಮೂರನೇ ಮಹಡಿಯವರು ನಿಮ್ಮ ಮನೆ ಮುಂದಿನ ಗಿಡಕ್ಕೆ ನೀರಿನ ದುಡ್ಡು ಕೊಡ್ತಿದ್ದಾರಲ್ಲ" ಅಂತೀನಿ. ಕಾನೂನು ಕೂಡ ಅದನ್ನೇ ಹೇಳುತ್ತದೆ: 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ, ಸಾಮಾನ್ಯ ಸೌಲಭ್ಯವನ್ನು ಬಳಸುವುದಿಲ್ಲ ಎಂದು ಹೇಳಿ ಯಾರೂ ಖರ್ಚಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಬಾಕಿ ಉಳಿಸಿಕೊಂಡವರ ನೀರು ನಿಲ್ಲಿಸಲು ಹೋಗಬೇಡಿ, ಅವರ ತಪ್ಪು ಮರೆಯಾಗಿ ನಿಮ್ಮ ಮೇಲೆ ದೂರು ನಿಲ್ಲುತ್ತದೆ. ಲಿಖಿತ ನೋಟಿಸ್ ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಫ್ಲ್ಯಾಟ್ ಮಾರಾಟವಾದಾಗ ಹಳೇ ಬಾಕಿಗೆ ಕೊಂಡವರೂ ಹೊಣೆ ಎಂದು ಅದೇ ಕಾಯ್ದೆಯಲ್ಲಿದೆ. ಹಾಗಾಗಿ ಕೊಳ್ಳುವವರೇ ನೋ-ಡ್ಯೂಸ್ ಪತ್ರ ಕೇಳಿಕೊಂಡು ಬರುತ್ತಾರೆ.

ನೀರಿನ ಲೆಕ್ಕವನ್ನು ಚದರಡಿಗೆ ಸೇರಿಸಬೇಡಿ, ಮನೆಮನೆಗೂ ಮೀಟರ್ ಹಾಕಿಸಿ. ಟ್ಯಾಂಕರ್ ತರಿಸುವವರು ಇದನ್ನೊಂದು ಮಾಡಿ. ನಮ್ಮ ಸಂಪು 4 ಮೀಟರ್ ಉದ್ದ, 3 ಮೀಟರ್ ಅಗಲ. 12,000 ಲೀಟರ್ ಬಿದ್ದರೆ ನೀರು ಒಂದು ಮೀಟರ್ ಏರಲೇಬೇಕು. ಪಂಪ್ ಆಫ್ ಮಾಡಿಸಿ, ಕಾವೇರಿ ನೀರಿನ ವಾಲ್ವ್ ಮುಚ್ಚಿಸಿ, ಗುರುತು ಹಾಕಿದ ಪಿವಿಸಿ ಕೋಲನ್ನು ಮೊದಲೊಮ್ಮೆ, ಆಮೇಲೊಮ್ಮೆ ಇಳಿಸಿ ನೋಡಿ. ಎಪ್ಪತ್ತು ಸೆಂಟಿಮೀಟರ್ ಮಾತ್ರ ಏರಿದ್ದರೆ ಬಂದದ್ದು 8,400 ಲೀಟರ್. ಅಷ್ಟಕ್ಕೇ ದುಡ್ಡು ಕೊಡಿ. ಎರಡೂ ಅಳತೆಯನ್ನು ಗಾಡಿ ನಂಬರಿನ ಪಕ್ಕ ವಾಚ್‌ಮನ್ ಪುಸ್ತಕದಲ್ಲಿ ಬರೆಸಿ, ಡ್ರೈವರ್ ಸಹಿ ಹಾಕಿಸಿ. 2024ರ ಬೇಸಿಗೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ ಎಂದು ದರ ನಿಗದಿ ಮಾಡಿತ್ತು. ದರಕ್ಕೆ ಮಿತಿ ಬಂದಾಗ ಅಳತೆಯ ಕಡೆ ಇನ್ನೂ ಹುಷಾರಾಗಿರಬೇಕು.

ಸೆಕ್ಯುರಿಟಿ ಏಜೆನ್ಸಿಯ ಬಿಲ್ಲಿನಲ್ಲಿ ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಎಂದು ಬರೆದು ದುಡ್ಡು ವಸೂಲಿ ಮಾಡುತ್ತಾರೆ. ನಿಮ್ಮ ಗೇಟಿನಲ್ಲಿರುವವರ ಹೆಸರಿರುವ ಚಲನ್ ಪ್ರತಿಯಿಲ್ಲದೆ ಮುಂದಿನ ತಿಂಗಳ ಚೆಕ್ ಕೊಡಬೇಡಿ. ಇಎಸ್‌ಐಗೆ ಏಜೆನ್ಸಿ ಪಾಲು ಸಂಬಳದ 3.25, ಕಾವಲುಗಾರನ ಪಾಲು 0.75 ಶೇಕಡಾ. ಏಜೆನ್ಸಿ ಕಟ್ಟದಿದ್ದರೆ ಆ ಬಾಕಿಯ ವಸೂಲಿ ಕೆಲಸ ಮಾಡಿಸಿಕೊಂಡ ನಿಮ್ಮ ಬಾಗಿಲಿಗೂ ಬರಬಹುದು. ಅದಿರಲಿ, ಆತ ಆಸ್ಪತ್ರೆಗೆ ಹೋದ ದಿನ ಕಾರ್ಡು ಕೆಲಸಕ್ಕೆ ಬರಬೇಕಲ್ಲ.

ಲಿಫ್ಟ್ ಎಎಂಸಿಯಲ್ಲಿ "ಕಾಂಪ್ರಹೆನ್ಸಿವ್" ಎಂಬ ಮಾತಿಗೆ ಮರುಳಾಗದೆ, ಯಾವ ಬಿಡಿಭಾಗ ಸೇರಿಲ್ಲ ಎನ್ನುವ ಪಟ್ಟಿ ಬರೆಸಿಕೊಳ್ಳಿ. ಮ್ಯಾನ್‌ಹೋಲ್ ಕಟ್ಟಿಕೊಂಡರೆ ಜೆಟ್ಟಿಂಗ್ ಯಂತ್ರ ತರಿಸಲೆಂದೇ ವರ್ಷಕ್ಕೊಂದು ಮೊತ್ತ ತೆಗೆದಿಡಿ. "ಐನೂರು ಕೊಟ್ಟರೆ ಇಳೀತಾನೆ" ಎನ್ನುವ ಸದಸ್ಯರ ಮಾತು ಕೇಳಬೇಡಿ. ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಇಳಿಸುವುದಕ್ಕೆ, ಮಲಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಲ್ಲಿ ಜೈಲು ಶಿಕ್ಷೆಯಿದೆ.

ಪಾವತಿಗೆ ಎರಡು ಸಹಿ. ಕೈಯಲ್ಲಿ 5,000ಕ್ಕಿಂತ ಹೆಚ್ಚು ನಗದು ಬೇಡ. ತಿಂಗಳ ಐದನೇ ತಾರೀಖಿಗೆ ಬ್ಯಾಂಕ್ ಸ್ಟೇಟ್‌ಮೆಂಟನ್ನು ಹಾಗ್ಹಾಗೇ ಗ್ರೂಪಿಗೆ ಹಾಕಿಬಿಡಿ. ಎಕ್ಸೆಲ್ ಶೀಟ್ ಹಾಕಿದರೆ ಅನುಮಾನ ಪಡುವವರೂ ಸ್ಟೇಟ್‌ಮೆಂಟ್ ನೋಡಿ ತೆಪ್ಪಗಾಗುತ್ತಾರೆ.

ವಾರ್ಷಿಕ ಸಭೆ ಮುಗಿದು ಹೊಸ ಕಮಿಟಿ ಬಂದರೆ ಅದೇ ದಿನ ಠರಾವು ಬರೆದು, ಹಳೆಯ ಅಧ್ಯಕ್ಷರು, ಕಾರ್ಯದರ್ಶಿ ಎದ್ದು ಹೋಗುವ ಮುಂಚೆ ಸಹಿ ಹಾಕಿಸಿಕೊಳ್ಳಿ. ಅದರ ಪ್ರತಿಯಿಲ್ಲದೆ ಬ್ಯಾಂಕಿನವರು ಖಾತೆಯ ಸಹಿ ಬದಲಾಯಿಸುವುದಿಲ್ಲ. ಹಳೆಯವರು ಊರಿಗೆ ಹೋಗಿದ್ದರೆ ಹೌಸ್‌ಕೀಪಿಂಗಿನವರ ಸಂಬಳ ಹದಿನೈದು ದಿನ ನಿಂತುಬಿಡುತ್ತದೆ.