ಕ್ಲಿಕ್ ಮಾಡಿದರೂ ಪ್ರೋಗ್ರಾಂ ಏಳುತ್ತಿಲ್ಲವೇ? ಫಾರ್ಮ್ಯಾಟ್‌ಗೆ ಅವಸರ ಬೇಡ

ಶನಿವಾರ ಬಟವಾಡೆ. ಎಸ್ಟೇಟ್ ರೈಟರ್ ಕೂಲಿ ಲೆಕ್ಕದ ಪ್ರೋಗ್ರಾಂ ಮೇಲೆ ಡಬಲ್ ಕ್ಲಿಕ್ ಮಾಡುತ್ತಾರೆ, ಏನೂ ಬರುವುದಿಲ್ಲ. ಸಿಟ್ಟಿಗೆ ಇನ್ನೂ ಹತ್ತು ಸಲ ಕುಟ್ಟುತ್ತಾರೆ. ಕೊನೆಗೆ ಸಿಪಿಯು ಮೂಡಿಗೆರೆಯಲ್ಲಿ ಬಸ್ ಹತ್ತಿ ಚಿಕ್ಕಮಗಳೂರಿಗೆ ಬರುತ್ತದೆ. ‘ಫಾರ್ಮ್ಯಾಟ್ ಹೊಡೀಬೇಕು ಸಾರ್’ ಅಂತಾರೆ ಅಂಗಡಿಯವರು. ದುಡ್ಡಿನ ಜೊತೆ ಹಳೇ ಲೆಕ್ಕವೂ ಹೋಗುತ್ತದೆ. ಏಕೆ ಏಳಲಿಲ್ಲ ಎಂಬುದನ್ನು ಹೆಚ್ಚಿನ ಸಲ ವಿಂಡೋಸೇ ಬರೆದಿಟ್ಟಿರುತ್ತದೆ. ಓದುವವರಿಲ್ಲ ಅಷ್ಟೆ.

ಮೊದಲು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಸಾಲದು, ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಅದು ವಿಂಡೋಸನ್ನು ಪೂರ್ತಿ ಹೊಸದಾಗಿ ಶುರು ಮಾಡುವುದಿಲ್ಲ.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಡೀಟೇಲ್ಸ್‌ನಲ್ಲಿ ಪ್ರೋಗ್ರಾಂ ಹೆಸರು ಇದೆಯಾ? ಇದ್ದರೆ ಅದು ಎದ್ದಿದೆ, ಎಲ್ಲೋ ಸಿಕ್ಕಿಕೊಂಡಿದೆ. ಎಂಡ್ ಟಾಸ್ಕ್ ಕೊಟ್ಟು, ಒಂದೇ ಸಲ ಕ್ಲಿಕ್ ಮಾಡಿ ಕಾಯಿರಿ. ಹಳೇ ಲೆಕ್ಕದ ಪ್ರೋಗ್ರಾಂಗಳು ಆಫಾಗಿರುವ ನೆಟ್‌ವರ್ಕ್ ಪ್ರಿಂಟರ್ ಹುಡುಕುತ್ತಾ ನಿಂತುಬಿಡುವುದುಂಟು. ಡೀಫಾಲ್ಟ್ ಪ್ರಿಂಟರ್ ಬದಲಿಸಿ ನೋಡಿ.

ಪರದೆ ಮೇಲೆ ಮೆಸೇಜ್ ಬಂದರೆ ಓಕೆ ಒತ್ತುವ ಮೊದಲು ಮೊಬೈಲಲ್ಲಿ ಫೋಟೊ ತೆಗೆಯಿರಿ. ಡಿಎಲ್‌ಎಲ್ ಎಂದರೆ ಪ್ರೋಗ್ರಾಂಗಳು ಬಳಸುವ ಸಹಾಯಕ ಫೈಲ್. ‘ವಿಸಿರನ್‌ಟೈಮ್140 ಡಿಎಲ್‌ಎಲ್ ಇಲ್ಲ’ ಎಂದಿದ್ದರೆ ಮೈಕ್ರೋಸಾಫ್ಟ್ ಸೈಟಿನಿಂದ ಆ ಫೈಲಿರುವ ‘ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್’ ಹಾಕಿಕೊಳ್ಳಿ. ಎಕ್ಸ್86 (32 ಬಿಟ್), ಎಕ್ಸ್64 (64 ಬಿಟ್) ಎರಡನ್ನೂ ಹಾಕಿ. ಎರರ್ ಕೋಡ್ ಕೊನೆಗೆ 7ಬಿ ಇದ್ದರೆ 32 ಬಿಟ್ ಮತ್ತು 64 ಬಿಟ್ ಫೈಲುಗಳು ಕಲೆಸಿಹೋಗಿರುವುದೇ ಜಾಸ್ತಿ. ಬಿಡಿ ಡಿಎಲ್‌ಎಲ್ ಹಂಚುವ ಸೈಟುಗಳ ಕಡೆ ತಲೆ ಹಾಕಬೇಡಿ. ವಿಂಡೋಸಿನ ಸೆಟ್ಟಿಂಗ್ ದಾಖಲೆ ಶುಚಿ ಮಾಡುತ್ತೇವೆನ್ನುವ ರೆಜಿಸ್ಟ್ರಿ ಕ್ಲೀನರ್‌ಗಳೂ ಬೇಡ, ಅವುಗಳಿಂದ ರಿಪೇರಿಯಾದ ಪ್ರೋಗ್ರಾಂ ನಾನಂತೂ ನೋಡಿಲ್ಲ.

ಮೆಸೇಜೇ ಇಲ್ಲದೆ ಮಿಂಚಿ ಮಾಯವಾದರೆ? ಜನ ಕೈಚೆಲ್ಲುವುದು ಇಲ್ಲೇ. ಸ್ಟಾರ್ಟ್ ಮೆನುವಿನಲ್ಲಿ ‘ಇವೆಂಟ್ ವ್ಯೂವರ್’ ಹುಡುಕಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಕೆಂಪು ಗುರುತುಗಳ ಸಾಲೇ ಕಾಣುತ್ತದೆ. ಹೆದರಬೇಡಿ, ಚೆನ್ನಾಗಿರುವ ಕಂಪ್ಯೂಟರಿನಲ್ಲೂ ಅವು ಇರುತ್ತವೆ. ಗಡಿಯಾರ ನೋಡಿಕೊಂಡು ಪ್ರೋಗ್ರಾಂ ಇನ್ನೊಮ್ಮೆ ತೆರೆಯಿರಿ, ಇಲ್ಲಿಗೆ ಬಂದು ಎಫ್5 ಒತ್ತಿ. ಅದೇ ನಿಮಿಷದ ಕೆಂಪು ಸಾಲು ಮಾತ್ರ ನಮ್ಮದು.

ಇವೆಂಟ್ ಐಡಿ 1000 ಆಗಿದ್ದರೆ ಕೆಳಗೆ ಎರಡು ಹೆಸರು ಇರುತ್ತವೆ. ‘ಫಾಲ್ಟಿಂಗ್ ಅಪ್ಲಿಕೇಶನ್’ ಎಂದರೆ ಬಿದ್ದ ಪ್ರೋಗ್ರಾಂ. ‘ಫಾಲ್ಟಿಂಗ್ ಮಾಡ್ಯೂಲ್’ ಎಂದರೆ ಬೀಳುವಾಗ ಯಾವ ಫೈಲಿನೊಳಗಿತ್ತು ಎಂಬುದು. ಅಲ್ಲಿ ಪ್ರಿಂಟರ್ ಡ್ರೈವರಿನದೋ ಆಂಟಿವೈರಸ್ಸಿನದೋ ಫೈಲ್ ಕಂಡರೆ ಮೊದಲ ಅನುಮಾನ ಅದರ ಮೇಲೆ. ಎನ್‌ಟಿಡಿಎಲ್‌ಎಲ್, ಕರ್ನಲ್‌ಬೇಸ್ ಎಂಬ ವಿಂಡೋಸಿನದೇ ಫೈಲುಗಳ ಹೆಸರಿದ್ದರೆ ವಿಂಡೋಸ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಬಿದ್ದ ಜಾಗ ಗೊತ್ತಾಯಿತು, ತಳ್ಳಿದವರು ಬೇರೆ ಇರಬಹುದು. ಹತ್ತಿರದಲ್ಲೇ 1026 ಇದ್ದರೆ ಅದು ಮೈಕ್ರೋಸಾಫ್ಟಿನ ಡಾಟ್‌ನೆಟ್ ಮೇಲೆ ಕಟ್ಟಿದ ಪ್ರೋಗ್ರಾಂ. ಅದರ ಬರಹ ಪೂರ್ತಿ ಓದಿ. ‘ಫೈಲ್ ನಾಟ್ ಫೌಂಡ್’ ಅಂತಿದ್ದರೆ ಯಾವ ಫೈಲ್ ಅನ್ನೋದೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಏನೂ ದಾಖಲಾಗಿಲ್ಲ ಎಂದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಪ್ರೊಟೆಕ್ಷನ್ ಹಿಸ್ಟರಿ ನೋಡಿ. ಆಂಟಿವೈರಸ್ ನಿಮ್ಮ ಪ್ರೋಗ್ರಾಂ ಫೈಲನ್ನೇ ಎತ್ತಿಟ್ಟಿರಬಹುದು. ಆಂಟಿವೈರಸ್ ಪೂರ್ತಿ ಆಫ್ ಮಾಡುವ ಅಡ್ಡದಾರಿ ಬೇಡ. ಫೈಲ್ ಕಂಪನಿಯದೇ ಎಂದು ಖಾತ್ರಿಯಿದ್ದರೆ ಅದೊಂದನ್ನೇ ಬಿಡಿಸಿ.

ಮಳೆಗಾಲದಲ್ಲಿ ನಮ್ಮ ಕಡೆ ಇನ್ನೊಂದು ಕಾಟ. ಪ್ರೋಗ್ರಾಂ ತೆರೆದಿದ್ದಾಗಲೇ ಕರೆಂಟ್ ಹೋಗಿ ಸೆಟ್ಟಿಂಗ್ ಫೈಲ್ ಅರ್ಧ ಬರೆದು ನಿಲ್ಲುತ್ತದೆ. ಮೊದಲು ಡೇಟಾ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ನಂತರ ಪ್ರೋಗ್ರಾಂಗಳು ಸೆಟ್ಟಿಂಗ್ ಇಟ್ಟುಕೊಳ್ಳುವ ‘ಆಪ್‌ಡೇಟಾ’ ಫೋಲ್ಡರಿನಲ್ಲಿರುವ ಆ ಪ್ರೋಗ್ರಾಂನ ಫೋಲ್ಡರ್ ಹೆಸರಿನ ಮುಂದೆ ‘ಹಳೆಯದು’ ಎಂದು ಸೇರಿಸಿ. ಡಿಲೀಟ್ ಮಾಡಲೇಬೇಡಿ. ಹಲವು ಪ್ರೋಗ್ರಾಂಗಳು ಹೊಸ ಫೋಲ್ಡರ್ ತಾವೇ ಮಾಡಿಕೊಂಡು ಏಳುತ್ತವೆ. ಏಳದಿದ್ದರೆ ಹಳೇ ಹೆಸರು ವಾಪಸ್ ಕೊಟ್ಟು ಕಂಪನಿಗೆ ಫೋನ್ ಮಾಡಿ. ಸುಮ್ನೆ ‘ಓಪನ್ ಆಗ್ತಿಲ್ಲ’ ಎನ್ನಬೇಡಿ. ಪ್ರೋಗ್ರಾಂ ವರ್ಷನ್, ಇವೆಂಟ್ ಐಡಿ, ಮಾಡ್ಯೂಲ್ ಹೆಸರು, ಈ ಮೂರನ್ನೂ ಓದಿ ಹೇಳಿ.