ಈಥೇನಿನಲ್ಲಿ ಎಲೆಕ್ಟ್ರಾನ್ ಅಂಟುವ ಲೆಕ್ಕ: ನಾನು ಮಾಡಿದ ಬಗೆ

ಕಾರ್ಬನ್ ಡೈಆಕ್ಸೈಡ್ ಅಣು ಒಂಟಿಯಾಗಿದ್ದರೆ ಎಲೆಕ್ಟ್ರಾನನ್ನು ಇಟ್ಟುಕೊಳ್ಳುವುದಿಲ್ಲ. ಅದರ ಎಲೆಕ್ಟ್ರಾನ್ ಅಫಿನಿಟಿ (ಎಲೆಕ್ಟ್ರಾನ್ ಅಂಟಿದಾಗ ಹೊರಬರುವ ಶಕ್ತಿ) ಸುಮಾರು ಮೈನಸ್ 0.6 ಎಲೆಕ್ಟ್ರಾನ್ ವೋಲ್ಟ್, ಅಂದರೆ ಅಷ್ಟು ಶಕ್ತಿ ಹೊರಗಿನಿಂದ ಸಿಗಬೇಕು. ಅದೇ ಅಣು ಸೂಪರ್‌ಕ್ರಿಟಿಕಲ್ (ಅನಿಲ, ದ್ರವ ಅನ್ನುವ ಭೇದ ಅಳಿದ) ಈಥೇನಿನೊಳಗೆ ಇದ್ದರೆ ಎಲೆಕ್ಟ್ರಾನ್ ಬಂದು ಅಂಟುತ್ತದೆ, ಬಿಡುತ್ತದೆ, ಮತ್ತೆ ಅಂಟುತ್ತದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಹೋಲ್ರಾಯ್ಡ್, ಜಪಾನಿನ ನಿಶಿಕಾವಾ ಮತ್ತು ಸಂಗಡಿಗರು ಇದನ್ನು ಅಳೆದಿದ್ದಾರೆ. ಕಿರಣದ ಸಣ್ಣ ಪಲ್ಸ್ ಹಾಯಿಸಿ ಎಲೆಕ್ಟ್ರಾನ್ ಬಿಡಿಸಿದರೆ ಕರೆಂಟ್ ಹರಿಯುತ್ತದೆ. ಬಿಡಿ ಎಲೆಕ್ಟ್ರಾನ್ ಓಡುವಷ್ಟು ಜೋರಾಗಿ ಅಯಾನು, ಅಂದರೆ ಎಲೆಕ್ಟ್ರಾನ್ ಅಂಟಿದ ಅಣು, ಓಡುವುದಿಲ್ಲ, ಹಾಗಾಗಿ ಎಲೆಕ್ಟ್ರಾನ್ ಅಂಟಿದ ಹಾಗೆಲ್ಲ ಕರೆಂಟ್ ಇಳಿಯುತ್ತದೆ.

ಕಾರವಾರದಲ್ಲಿ ಕೂತು ಇದನ್ನೆಲ್ಲ ಅಳೆಯುವ ಯಂತ್ರ ನನ್ನ ಹತ್ತಿರ ಇಲ್ಲ. ಲೆಕ್ಕ ಮಾಡಬಹುದು ಅಲ್ವಾ? ಎಂಎಸ್ಸಿ ಮಕ್ಕಳ ಜೊತೆ ಎಕ್ಸೆಲ್‌ನಲ್ಲೇ ಮಾಡಿದೆವು. ಈಥೇನಿನ ಕ್ರಿಟಿಕಲ್ ಬಿಂದು (ಇದನ್ನು ದಾಟಿದರೆ ಅನಿಲ, ದ್ರವ ಅನ್ನುವ ಭೇದ ಇಲ್ಲ) 32.2 ಡಿಗ್ರಿ, 48.7 ಬಾರ್. ಮೇ ತಿಂಗಳ ಮಧ್ಯಾಹ್ನ ನಮ್ಮ ಲ್ಯಾಬಿನ ಥರ್ಮಾಮೀಟರ್ ತೋರಿಸುವುದೂ ಹೆಚ್ಚುಕಡಿಮೆ ಅಷ್ಟೇ, ಅದಕ್ಕೇ 33 ಡಿಗ್ರಿ ಹಿಡಿದೆ. ಸಾಂದ್ರತೆಯ ಅಂಕಿಗಳು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ವೆಬ್‌ಬುಕ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒತ್ತಡದ ಹೆಜ್ಜೆ ಮಾತ್ರ 50 ಬಾರ್ ಆಸುಪಾಸಿನಲ್ಲಿ ತೀರಾ ಸಣ್ಣದಿರಲಿ, ಅಲ್ಲಿ ಸಾಂದ್ರತೆಯ ಗೆರೆ ಗೋಡೆಯ ಹಾಗೆ ನೇರ ಏರುತ್ತದೆ.

ಮೊದಲು ಬಾರ್ನ್ ಸೂತ್ರ ಹಾಕಿದೆವು. ಸುತ್ತಲಿನ ವಸ್ತು ಎಲ್ಲೆಡೆ ಒಂದೇ ಸಮ ಅಂದುಕೊಂಡು, ಅದು ಅಯಾನಿಗೆ ಎಷ್ಟು ಶಕ್ತಿಯ ಆಸರೆ ಕೊಡುತ್ತದೆ ಅಂತ ಈ ಸೂತ್ರ ಹೇಳುತ್ತದೆ. ಕ್ರಿಟಿಕಲ್ ಸಾಂದ್ರತೆಯಲ್ಲಿ (ಲೀಟರಿಗೆ ಸುಮಾರು 6.9 ಮೋಲ್) ಈಥೇನಿನ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ವಿದ್ಯುತ್ ಬಲವನ್ನು ಅದು ಎಷ್ಟು ಪಟ್ಟು ತಗ್ಗಿಸುತ್ತದೆ ಅನ್ನುವ ಅಳತೆ, ಸುಮಾರು 1.25. ಅಯಾನಿನ ತ್ರಿಜ್ಯ 0.3 ನ್ಯಾನೋಮೀಟರ್ ಅಂದುಕೊಂಡರೆ ಸಿಗುವ ಆಸರೆ 0.48 ಎಲೆಕ್ಟ್ರಾನ್ ವೋಲ್ಟ್. 0.6ರ ಕೊರತೆ ತುಂಬಲು ಇಷ್ಟು ಸಾಲದು. ಅಂಟುವ ಮುಂಚೆ ಈಥೇನಿನಲ್ಲಿ ಎಲೆಕ್ಟ್ರಾನಿಗೆ ಇದ್ದ ಶಕ್ತಿಯೂ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ದೊಡ್ಡ ವಿಷಯ ಬೇರೆ: ಅಯಾನಿನ ಪಕ್ಕದಲ್ಲಿ ಈಥೇನ್ ದಟ್ಟವಾಗುತ್ತದೆ, ಈ ಸೂತ್ರಕ್ಕೆ ಅದು ಗೊತ್ತೇ ಇಲ್ಲ.

ಹಾಗಾಗಿ ಅಯಾನಿನ ಸುತ್ತ ಪದರ ಪದರವಾಗಿ ಲೆಕ್ಕ ಮಾಡಿದೆವು. 0.5 ನ್ಯಾನೋಮೀಟರ್ ದೂರದಲ್ಲಿ ಅಯಾನು ಒಂದು ಈಥೇನ್ ಅಣುವನ್ನು ಎಳೆಯುವ ಶಕ್ತಿ ಆ ತಾಪದ ಉಷ್ಣಶಕ್ತಿಯ ಸುಮಾರು ಎರಡು ಪಟ್ಟು. ದೂರ ಎರಡರಷ್ಟಾದರೆ ಅದು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಉಷ್ಣಶಕ್ತಿಯ ಎಂಟನೇ ಒಂದು ಭಾಗ. ನೀರಿನಂಥ ದ್ರವ ಇಷ್ಟು ಸಣ್ಣ ಎಳೆತಕ್ಕೆ ಜಗ್ಗುವುದಿಲ್ಲ. ಕ್ರಿಟಿಕಲ್ ಬಿಂದುವಿನ ಹತ್ತಿರದ ಈಥೇನ್ ಜಗ್ಗುತ್ತದೆ, ಯಾಕೆಂದರೆ ಅದನ್ನು ಒತ್ತುವುದು ಅಷ್ಟು ಸುಲಭ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ. ಅಣು ಯಾವುದು ಅನ್ನುವುದಕ್ಕಿಂತ ಸುತ್ತಲಿನ ಈಥೇನ್ ಎಷ್ಟು ಮೆತ್ತಗಿದೆ ಅನ್ನುವುದೇ ಜಾಸ್ತಿ ಮಾತಾಡುತ್ತದೆ.

ಇನ್ನು ಎಲೆಕ್ಟ್ರಾನ್ ಅಂಟಿದಾಗ ಆಗುವ ಗಾತ್ರದ ಬದಲಾವಣೆ. ಒತ್ತಡ ಏರಿದಾಗ ಅಂಟುವುದು ಹೆಚ್ಚಿದರೆ, ಅಂಟಿದಾಗ ಗಾತ್ರ ಕುಗ್ಗುತ್ತದೆ ಅಂತ ಅರ್ಥ. ಒತ್ತಡ 2 ಬಾರ್ ಏರಿಸಿದಾಗ ಸಮತೋಲನ ಸ್ಥಿರಾಂಕ (ಅಂಟುವ ಕಡೆಗೆ ಎಷ್ಟು ವಾಲಿದೆ ಅನ್ನುವ ಅಳತೆ) ಎರಡು ಪಟ್ಟಾಯಿತು ಅಂತ ಇಟ್ಟುಕೊಳ್ಳಿ. ಅನಿಲ ಸ್ಥಿರಾಂಕ, ತಾಪ, 2ರ ಸಹಜ ಲಾಗರಿದಮ್ ಮೂರನ್ನೂ ಗುಣಿಸಿ 2 ಬಾರ್‌ನಿಂದ ಭಾಗಿಸಿದರೆ ಮೋಲಿಗೆ ಸುಮಾರು 8.8 ಲೀಟರ್ ಕುಗ್ಗಬೇಕು ಅಂತ ಬರುತ್ತದೆ. ಒಂದು ಮೋಲ್ ನೀರಿನ ಗಾತ್ರವೇ 18 ಮಿಲಿಲೀಟರ್! ಮಕ್ಕಳು ಇದನ್ನು ನಂಬಲಿಲ್ಲ, ಸೊನ್ನೆ ಜಾಸ್ತಿ ಬಿದ್ದಿದೆ ಅಂದರು. ಸುಮ್ನೆ ಸಾಂದ್ರತೆ 6.9ರಿಂದ ಗುಣಿಸಿ ನೋಡಿ ಅಂದೆ. ಪ್ರತಿ ಅಯಾನಿನ ಸುತ್ತ ಸುಮಾರು 60 ಈಥೇನ್ ಅಣುಗಳು ಹೆಚ್ಚಾಗಿ ಬಂದು ಸೇರಿವೆ ಅಂತಾಯಿತು. ಕುಗ್ಗಿದ್ದು ಕಾರ್ಬನ್ ಡೈಆಕ್ಸೈಡ್ ಅಲ್ಲ, ಅದರ ಸುತ್ತಲಿನ ಈಥೇನ್. ಪ್ರಯೋಗಗಳಲ್ಲೂ ಕ್ರಿಟಿಕಲ್ ಬಿಂದುವಿನ ಹತ್ತಿರ ಮೋಲಿಗೆ ಲೀಟರ್‌ಗಟ್ಟಲೆ ಕುಗ್ಗುವುದು ಕಂಡಿದೆ.

ಈಗ ಶಿರಸಿಯ ಒಬ್ಬ ವಿದ್ಯಾರ್ಥಿನಿ ಅದೇ ಹಾಳೆಗೆ ಕ್ಸೆನಾನ್ ಅಂಕಿಗಳನ್ನು ತುಂಬುತ್ತಿದ್ದಾಳೆ. ಅದರ ಕ್ರಿಟಿಕಲ್ ಬಿಂದು 16.6 ಡಿಗ್ರಿ, 58.4 ಬಾರ್. ಸಾಂದ್ರತೆಯ ಗೆರೆ ಎಲ್ಲಿ ಕಡಿದಾಗಿ ಏರುತ್ತದೋ ಅಲ್ಲಿ 0.02 ಬಾರ್ ಹೆಜ್ಜೆ ಇಡು ಅಂತ ಹೇಳಿದ್ದೇನೆ.