ಕಸ ಅಂದವರೇ ಈಗ ಚೀಲ ಹಿಡಿದು ಬರುತ್ತಾರೆ: ತರಗೆಲೆ ಹೊದಿಕೆಯ ನನ್ನ ಅನುಭವ

ಬೆಂಗಳೂರಿನ 2024ರ ಬೇಸಿಗೆ ನೆನಪಿದೆ ಅಲ್ವಾ? ಮಾರ್ಚ್‌ನಲ್ಲಿ ಜಲಮಂಡಳಿಯವರು ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂದರು. ನಮ್ಮ ಬೀದಿಯಲ್ಲಿ 800 ರೂಪಾಯಿ ಇದ್ದ ಟ್ಯಾಂಕರ್ 1,800ಕ್ಕೆ ಹೋಯಿತು. ಏಪ್ರಿಲ್‌ನಲ್ಲಿ ಹದ ಮಳೆ ಬರಲೇ ಇಲ್ಲ, ತಿಂಗಳ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತು. ಸುತ್ತಮುತ್ತ ಕೈತೋಟ ಮಾಡುವವರೆಲ್ಲ ಕುಂಡ ಖಾಲಿ ಮಾಡಿ ಮೂಲೆಗೆ ಜೋಡಿಸಿದರು. ನಮ್ಮ ಮನೆಯಲ್ಲಿ ಮಾತ್ರ ಬದನೆ, ದಂಟು, ಬಸಳೆ, ಹೀರೆ ಎಲ್ಲವೂ ನಿಂತವು. ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಬಿಟ್ಟರೆ ಬೇರೇನೂ ಹಾಕಲಿಲ್ಲ. ಆ ನೀರು ಸಾಕಾದದ್ದು ಗಿಡದ ಬುಡದ ಮಣ್ಣಿನ ಮೇಲೆ ಹಾಸಿದ ಒಣ ಎಲೆಯ ಹೊದಿಕೆಯಿಂದ. ಎರಡೂವರೆ ವರ್ಷ ಎಲ್ಲರ ಹತ್ತಿರ ಮಾತು ಕೇಳಿಸಿಕೊಂಡು, ದುಡ್ಡು ಕಳೆದುಕೊಂಡು ಕಲಿತದ್ದು. ಅದನ್ನೇ ಬರೆಯುತ್ತಿದ್ದೇನೆ.

ನಮ್ಮದು ಬನಶಂಕರಿ ಕಡೆ, ಮೂವತ್ತು-ನಲವತ್ತರ ಸೈಟು. ಮನೆ ಪಕ್ಕ ಮೂರೂವರೆ ಅಡಿ ಅಗಲದ ಮಣ್ಣಿನ ಪಟ್ಟಿ, ಮುಂದೆ ಒಂದು ಸಣ್ಣ ಪಾತಿ, ತಾರಸಿ ಮೇಲೆ ಎಪ್ಪತ್ತು ಚಿಲ್ಲರೆ ಗ್ರೋ ಬ್ಯಾಗ್, ಅಂದರೆ ಮಣ್ಣು ತುಂಬಿ ಗಿಡ ಬೆಳೆಸುವ ಚೀಲ. ನಮ್ಮ ಕೆಂಪು ಮಣ್ಣಿನ ಬುದ್ಧಿ ನಿಮಗೆಲ್ಲ ಗೊತ್ತು. ಎರಡು ದಿನ ಬಿಸಿಲು ಬಿದ್ದರೆ ಮೇಲೆ ಹಪ್ಪಳ ಕಟ್ಟುತ್ತದೆ, ಹಾಕಿದ ನೀರು ಬದಿಯಿಂದ ಜಾರಿ ಹೋಗುತ್ತದೆ.

ಹೊದಿಕೆ ಅಂತ ಮೊದಲು ಕೈಹಾಕಿದ್ದು 2021ರಲ್ಲಿ, ಮರದ ಹೊಟ್ಟಿಗೆ. ಹತ್ತಿರದ ಮರಗೆಲಸದ ಅಂಗಡಿಯಲ್ಲಿ ಪುಕ್ಕಟೆ ಸಿಕ್ಕಿತು, ನಾಲ್ಕು ಚೀಲ ತಂದೆ. ಮೇಲೆ ಹರಡಿ ಬಿಟ್ಟಿದ್ದರೆ ಇಷ್ಟು ಕೆಡುತ್ತಿರಲಿಲ್ಲವೇನೋ. ಗಾಳಿಗೆ ಹಾರುತ್ತದೆ ಅಂತ ಮಣ್ಣಿಗೆ ಬೆರೆಸಿಬಿಟ್ಟೆ. ಮೂರು ವಾರಕ್ಕೆ ಮೆಣಸಿನ ಗಿಡ ಬುಡದಿಂದ ಹಳದಿ ಆಗುತ್ತಾ ಬಂತು. ಮಣ್ಣಿನ ಸಾರಜನಕವನ್ನೆಲ್ಲ ಹೊಟ್ಟು ಕೊಳೆಯುವುದಕ್ಕೆ ಎಳೆದುಕೊಂಡಿತ್ತು. ಎಣ್ಣೆಬೀಜದ ಹಿಂಡಿ ಹಾಕಿದೆ, ಗಂಜಲ ಹಾಕಿದೆ, ಹದಿನೆಂಟು ಗಿಡದಲ್ಲಿ ಐದು ಉಳಿದವು. ಆ ಹೊಟ್ಟಿನಲ್ಲಿ ಪ್ಲೈವುಡ್ ಪುಡಿಯೂ ಇತ್ತು ಅಂತ ಆಮೇಲೆ ಗೊತ್ತಾಯಿತು. ಪ್ಲೈವುಡ್ ಅಂದರೆ ಅಂಟು. ಅದನ್ನು ತಿನ್ನುವ ಗಿಡದ ಬುಡಕ್ಕೆ ಹಾಕಲೇಬೇಡಿ.

ಆಮೇಲೆ ದುಡ್ಡು ಕೊಟ್ಟರೆ ಒಳ್ಳೆಯದು ಸಿಗುತ್ತದೆ ಅಂದುಕೊಂಡೆ. ನರ್ಸರಿಯಲ್ಲಿ ಮರದ ತೊಗಟೆ ಚೂರು ಮಾರುತ್ತಾರಲ್ಲ, ನೋಡಲು ಬಹಳ ಚಂದ. ಚೀಲಕ್ಕೆ ಸುಮಾರು 450, ಎಂಟು ಚೀಲ ತಗೊಂಡೆ. ಆಟೋ ಬಾಡಿಗೆ ಬೇರೆ. ತಾರಸಿ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ್ದೆ. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆ, ಔಟರ್ ರಿಂಗ್ ರೋಡಿನಲ್ಲಿ ಟ್ರ್ಯಾಕ್ಟರ್, ದೋಣಿ ಓಡಿದ ವಾರ. ಒಂದೇ ರಾತ್ರಿಯಲ್ಲಿ ಚೂರೆಲ್ಲ ಬ್ಯಾಗಿನಿಂದ ತೇಲಿ ಇಳಿದು ತಾರಸಿಯ ನೀರಿನ ಪೈಪಿಗೆ ಹೋಗಿ ಕೂತಿತ್ತು. ಬೆಳಗ್ಗೆ ನೋಡಿದರೆ ಪಾದ ಮುಳುಗುವಷ್ಟು ನೀರು. ಪ್ಲಂಬರ್‌ಗೆ 1,200, ಮೆಟ್ಟಿಲ ಮೇಲಿನ ಗೋಡೆಗೆ ಬಣ್ಣ ಹೊಡೆಸಿದ್ದು 3,000. ತೊಗಟೆ ಚೂರು ಕೆಟ್ಟದ್ದಲ್ಲ. ನೆಲದಲ್ಲಿ, ದಾಸವಾಳ, ಕರಿಬೇವಿನಂಥ ದೊಡ್ಡ ಗಿಡದ ಬುಡಕ್ಕೆ ಎರಡು ವರ್ಷ ಬಾಳುತ್ತದೆ. ತಾರಸಿಗೆ ಮಾತ್ರ ಬೇಡ.

ಭತ್ತದ ಹುಲ್ಲನ್ನೂ ತಂದಿದ್ದೆ. ಹೊದಿಕೆಯಾಗಿ ಹುಲ್ಲು ಒಳ್ಳೆಯದೇ. ಆದರೆ ಪೇಟೆಯೊಳಗೆ ತರಿಸಲು ಹುಲ್ಲಿಗಿಂತ ಬಾಡಿಗೆಯೇ ಜಾಸ್ತಿ. ಉಳಿದಿದ್ದ ಕಾಳು ಮೊಳೆತು ಪಾತಿಯೆಲ್ಲ ಭತ್ತದ ಪೈರಾಯಿತು, ಹುಲ್ಲಿನ ಅಡಿಯಲ್ಲಿ ಹೆಗ್ಗಣ ಮನೆ ಮಾಡಿತು. ರಟ್ಟು ಹಾಸಿದ್ದಕ್ಕೆ ಗೆದ್ದಲು ಹತ್ತಿ, ರಟ್ಟು ಮುಗಿಸಿ ಹಿಂಬಾಗಿಲಿನ ಚೌಕಟ್ಟಿಗೆ ಹೋಯಿತು. ಈ ಎರಡು ವರ್ಷದಲ್ಲಿ ಎಲ್ಲ ಸೇರಿ ಹನ್ನೊಂದು ಹನ್ನೆರಡು ಸಾವಿರ ಹೋಗಿರಬೇಕು.

ಇಷ್ಟೆಲ್ಲ ಆಗುವಾಗ ಮನೆ ಮುಂದಿನ ಹೊಂಗೆ ಮರ ಪ್ರತಿ ವರ್ಷ ಫೆಬ್ರವರಿಯಲ್ಲಿ ರಾಶಿರಾಶಿ ಎಲೆ ಉದುರಿಸುತ್ತಿತ್ತು, ನಾನೇ ಗುಡಿಸಿ ಹೊರಗೆ ಹಾಕುತ್ತಿದ್ದೆ! ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಯುವುದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡವಳು ನಾನು. 2023ರ ಫೆಬ್ರವರಿಯಲ್ಲಿ ಮೊದಲ ಸಲ ಆ ಎಲೆಯನ್ನು ಚೀಲಕ್ಕೆ ತುಂಬಿದೆ. ಅತ್ತೆ ಮಂಡ್ಯದವರು, ಜಗಲಿ ಮೇಲೆ ಕೂತು ನೋಡುತ್ತಿದ್ದರು. "ಅಲ್ಲ ಕಣವ್ವ, ಮನೆ ಕಸ ಬೀದಿಗೆ ಹಾಕೋದು ಕಂಡಿದ್ದೀನಿ, ಬೀದಿ ಕಸ ಮನೆಗೆ ತರೋದು ಇವತ್ತೇ ನೋಡಿದ್ದು" ಅಂದರು. ಪಕ್ಕದ ಮನೆಯವರು ಹಾವು ಬರುತ್ತದೆ, ಚೇಳು ಬರುತ್ತದೆ ಅಂದರು. ತಿಂಗಳಿಗೊಮ್ಮೆ ಬರುವ ಮಾಲಿ, ನಾನಿಲ್ಲದಾಗ ಹಾಕಿದ್ದನ್ನೆಲ್ಲ ಗುಡಿಸಿ ಸ್ವಚ್ಛ ಮಾಡಿ ಹೋಗಿದ್ದ. ಹಾವು ಇವತ್ತಿನವರೆಗೂ ಬಂದಿಲ್ಲ. ಚೇಳು ಒಂದು ಸಲ ಬಂದಿದೆ, ಅದೂ ಬಚ್ಚಲಿಗೆ.

ಎಲೆ ಎಲ್ಲವೂ ಒಂದೇ ಅಲ್ಲ. ಹೊಂಗೆ ಮೊದಲ ಸ್ಥಾನ, ಬೇಗ ಮೆತ್ತಗಾಗುತ್ತದೆ, ಮಣ್ಣಿಗೆ ಸಾರ ಕೊಡುತ್ತದೆ. ಮಳೆ ಮರದ ಎಲೆ ಸಣ್ಣದು, ಒಡೆಯುವ ಕೆಲಸವಿಲ್ಲ, ಬ್ಯಾಗಿಗೆ ಹೇಳಿಮಾಡಿಸಿದ ಹಾಗಿದೆ. ಮಾವು, ಹಲಸು, ಕಂಬದ ಅಶೋಕ ಹೆಂಚಿನ ಹಾಗೆ. ಇಡಿಯಾಗಿ ಹಾಕಿದರೆ ನೀರು ಮೇಲಿಂದಲೇ ಜಾರಿ ಹೊರಗೆ ಬೀಳುತ್ತದೆ, ಮಣ್ಣು ಒಣಗೇ ಇರುತ್ತದೆ. ನಾನು ಮೊದಲ ತಿಂಗಳು ಮಾಡಿದ ತಪ್ಪು ಇದೇ. ಮೇಲೆ ನೋಡಿದರೆ ಒದ್ದೆ, ಬೆರಳು ಹಾಕಿದರೆ ಪುಡಿ ಮಣ್ಣು. ಎರಡು ಟೊಮೆಟೊ ಬಾಡಿದ ಮೇಲೆ ತಿಳಿಯಿತು. ನೀಲಗಿರಿ ಎಲೆ ಮಾತ್ರ ತರಕಾರಿಗೆ ಹಾಕಬೇಡಿ, ಅದು ಬೇರೆ ಗಿಡವನ್ನು ಏಳಲು ಬಿಡುವುದಿಲ್ಲ.

ಒಡೆಯುವುದು ಹೀಗೆ. ಚೆನ್ನಾಗಿ ಒಣಗಿದ ಎಲೆಯನ್ನು ಗೋಣಿಚೀಲಕ್ಕೆ ಅರ್ಧ ತುಂಬಿ, ಬಾಯಿ ಕಟ್ಟಿ, ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಅರ್ಧ ಗಂಟೆ ಇಟ್ಟು, ಆಮೇಲೆ ತುಳಿಯಬೇಕು. ಬೆಳಗ್ಗೆ ತುಳಿದರೆ ಇಬ್ಬನಿಗೆ ಮೆತ್ತಗಾಗಿರುತ್ತದೆ, ಮುರಿಯುವುದಿಲ್ಲ. ಬಿಸಿಲು ಕಂಡ ಎಲೆ ಕಾಲಡಿ ಹಪ್ಪಳದ ಹಾಗೆ ಚರಚರ ಅನ್ನುತ್ತದೆ. ಆ ಸದ್ದು ನಿಂತಾಗ ಸಾಕು ಅಂತ ಅರ್ಥ. ನಾಲ್ಕು ಚೀಲ ಒಂದಾಗುತ್ತದೆ. ಮಾವಿನೆಲೆ ಚೀಲವನ್ನು ಗೇಟಿನ ಮುಂದೆ ಹಾಕಿ ಅದರ ಮೇಲೆ ಸ್ಕೂಟರ್ ಹತ್ತಿಸುತ್ತೇನೆ, ಐದಾರು ಸಲ ಹಿಂದೆ ಮುಂದೆ.

ಸಂಗ್ರಹಕ್ಕೆ ನಮ್ಮ ಬೀದಿ ಗುಡಿಸುವ ಅಕ್ಕನೇ ದೊಡ್ಡ ಆಸರೆ. ಮೊದಲು ಎಲೆ ಜೊತೆ ಗುಟ್ಕಾ ಕವರ್, ಗಾಜು, ನಾಯಿ ಗಲೀಜು ಎಲ್ಲ ಬರುತ್ತಿತ್ತು. ಒಂದು ದಿನ ಅವರನ್ನೇ ಕೇಳಿದೆ. "ನಿಮಗೆ ಬೇಕಾ ಮೇಡಂ? ಹಾಗಾದ್ರೆ ಕವರು ಸೇರಿಸದೆ ಬೇರೆ ಇಡ್ತೀನಿ ಬಿಡಿ" ಅಂದರು. ಅವತ್ತಿನಿಂದ ಮರದ ಬುಡದಲ್ಲೇ ಬೇರೆ ಗುಡ್ಡೆ. ಹಬ್ಬಕ್ಕೆ ಅವರ ಕೈಗೆ ಏನಾದರೂ ಕೊಡುತ್ತೇನೆ, ಸೊಪ್ಪು ಕಿತ್ತಾಗ ಒಂದು ಕಟ್ಟು ಅವರಿಗೆ. ಯಾವ ಬೀದಿಯಲ್ಲಿ ಶುದ್ಧ ಹೊಂಗೆ ಎಲೆ ಸಿಗುತ್ತದೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ, ಈಗಾಗಲೇ ನಾಲ್ಕು ಮನೆಯವರು ಚೀಲ ಹಿಡಿದು ಓಡಾಡುತ್ತಿದ್ದಾರೆ.

ಹಾಕುವ ಕ್ರಮಕ್ಕೆ ಬರುತ್ತೇನೆ. ಹಿಂದಿನ ದಿನ ಮಣ್ಣಿಗೆ ತಳ ಮುಟ್ಟುವ ಹಾಗೆ ನೀರು ಕೊಡಬೇಕು. ಒಣ ಮಣ್ಣಿನ ಮೇಲೆ ಹೊದಿಸಿದರೆ ಆ ಒಣಗನ್ನೇ ಕಾಪಾಡಿದ ಹಾಗೆ. ಮರುದಿನ ಒಂದು ಹಿಡಿ ಹೊಂಗೆ ಹಿಂಡಿ, ಎರಡು ಹಿಡಿ ಎರೆಗೊಬ್ಬರ. ಅದರ ಮೇಲೆ ಹಿಂದಿನ ವರ್ಷದ ಅರೆಕೊಳೆತ ಎಲೆ ಒಂದಂಗುಲ. ಅದರ ಮೇಲೆ ತುಳಿದ ಹೊಸ ಎಲೆ ಎರಡಂಗುಲ, ನೆಲದಲ್ಲಾದರೆ ಮೂರು. ಕೊನೆಗೆ ಕೈಯಲ್ಲಿ ನೀರು ಚಿಮುಕಿಸಿ ಅದುಮುವುದು. ಆ ನೀರಿಗೆ ನಾನು ಒಂದು ಬೆರೆಸುತ್ತೇನೆ, ಅಡುಗೆಮನೆಯದ್ದೇ, ಪದರ ಬೇಗ ಹಿಡಿದುಕೊಳ್ಳುತ್ತದೆ. ಅದೇನು ಅಂತ ಇನ್ನೊಂದು ಬೇಸಿಗೆ ನೋಡಿದ ಮೇಲೆ ಹೇಳುತ್ತೇನೆ.

ಕಾಂಡಕ್ಕೆ ಎಲೆ ತಾಗಬಾರದು. ಮೂರು ಬೆರಳು ಜಾಗ ಬಿಡಿ. ಇದನ್ನು ಎಲ್ಲರೂ ಹೇಳುತ್ತಾರೆ, ನಾನೂ ಓದಿದ್ದೆ. ಆದರೂ 2023ರ ಆಗಸ್ಟ್‌ನಲ್ಲಿ ಒಂದು ಪಪ್ಪಾಯ ಹೋಯಿತು. ಹಾಕುವಾಗ ಜಾಗ ಬಿಟ್ಟಿದ್ದೆ, ಮಳೆಗೆ ಎಲೆ ಜರುಗಿ ಬುಡಕ್ಕೆ ಸೇರಿಕೊಂಡಿತ್ತು. ಒಂದು ಬೆಳಗ್ಗೆ ಗಿಡ ಸುಮ್ಮನೆ ವಾಲಿತ್ತು. ಬುಡ ಒತ್ತಿದರೆ ಕಳಿತ ಬಾಳೆಹಣ್ಣಿನ ಹಾಗೆ ಬೆರಳು ಒಳಗೆ ಹೋಯಿತು. ಹದಿನಾಲ್ಕು ಕಾಯಿ ಇತ್ತು ಮರದಲ್ಲಿ. ಈಗ ಪ್ರತಿ ಜೋರು ಮಳೆ ನಂತರ ಒಂದು ಸುತ್ತು ಹೋಗಿ ಎಲೆ ಸರಿಸಿ ಬರುತ್ತೇನೆ.

ತಾರಸಿಯಲ್ಲಿ ದೊಡ್ಡ ಶತ್ರು ಆಷಾಢದ ಗಾಳಿ. ಮೊದಲ ವರ್ಷ ಅರ್ಧ ಎಲೆ ಎದುರು ಮನೆಯ ಬಟ್ಟೆ ತಂತಿಗೆ ಹೋಗಿ ಜಗಳವೇ ಆಯಿತು. ಕಲ್ಲು ಇಟ್ಟೆ, ತೆಂಗಿನ ಗರಿ ಇಟ್ಟೆ, ಉಪಯೋಗವಾಗಲಿಲ್ಲ. ಪರಿಹಾರ ಸಿಕ್ಕಿದ್ದು ಈರುಳ್ಳಿ ಚೀಲದಲ್ಲಿ. ಕೆಂಪು ಬಲೆ ಚೀಲ ಇರುತ್ತದಲ್ಲ, ಅಂಗಡಿಯವರು ಐದು ರೂಪಾಯಿಗೆ ಕೊಡುತ್ತಾರೆ, ಪರಿಚಯ ಇದ್ದರೆ ಹಾಗೇ ಕೊಡುತ್ತಾರೆ. ಎರಡೂ ಬದಿ ಕತ್ತರಿಸಿ ಬಿಡಿಸಿದರೆ ಒಂದು ಬ್ಯಾಗಿಗೆ ಅಳತೆ ತೆಗೆದ ಹಾಗೆ ಕೂರುತ್ತದೆ. ನಡುವೆ ಕಾಂಡಕ್ಕೆ ಒಂದು ಸೀಳು, ಅಂಚನ್ನು ಬ್ಯಾಗಿನ ಒಳಬದಿಗೆ ತುರುಕಬೇಕು. ನೀರು ಇಳಿಯುತ್ತದೆ, ಎಲೆ ಹಾರುವುದಿಲ್ಲ, ಮೈನಾ ಹಕ್ಕಿ ಎಲೆ ಕೆದರುವುದೂ ನಿಂತಿತು. ಇದನ್ನು ಬೇರೆ ಯಾರೂ ಮಾಡಿದ್ದು ನಾನು ನೋಡಿಲ್ಲ, ನನ್ನದೇ ಉಪಾಯ.

ಸಂದೇಹ ಇದ್ದವರಿಗಾಗಿ ಒಂದು ಪರೀಕ್ಷೆ ಮಾಡಿದೆ. ಗಿಡವಿಲ್ಲದ ಎರಡು ಬ್ಯಾಗಿಗೆ ಒಂದೇ ಮಣ್ಣು, ಒಂದೇ ನೀರು, ಒಂದಕ್ಕೆ ಮಾತ್ರ ಎಲೆ. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೈ ತಕ್ಕಡಿಯಲ್ಲಿ ತೂಗಿದೆ. ಮೂರು ದಿನದಲ್ಲಿ ಬರಿ ಮಣ್ಣಿನದು ಎರಡೂವರೆ ಕೆಜಿ ಕಳೆದುಕೊಂಡಿತ್ತು, ಎಲೆ ಇದ್ದದ್ದು ಒಂದು ಕೆಜಿಯ ಆಸುಪಾಸು. ಅಡುಗೆ ಥರ್ಮಾಮೀಟರ್ ಚುಚ್ಚಿದರೆ ಮಧ್ಯಾಹ್ನ ಬರಿ ಮಣ್ಣು 48 ತೋರಿಸಿತು, ಎಲೆಯಡಿ 31, 32. ಮುಂಚೆ ಬೇಸಿಗೆಯಲ್ಲಿ ತಾರಸಿಗೆ ದಿನಕ್ಕೆ ಎರಡು ಸಲ ನೀರು ಹಾಕುತ್ತಿದ್ದೆ. ಈಗ ದಿನ ಬಿಟ್ಟು ದಿನ. ನೆಲದ ಪಾತಿಗೆ ನಾಲ್ಕು ದಿನಕ್ಕೊಮ್ಮೆ.

ಕಬ್ಬಿನ ಸಿಪ್ಪೆಯ ಮೇಲೂ ಕಣ್ಣಿತ್ತು, ಜ್ಯೂಸ್ ಗಾಡಿಯವರು ಹೊತ್ತುಕೊಂಡು ಹೋಗಿ ಅಂತಾರೆ. ಹಸಿಯಾಗಿ ಹಾಕಿದ ಎರಡನೇ ದಿನವೇ ಕಟ್ಟಿರುವೆ ಸಾಲು, ಹುಳಿ ವಾಸನೆ. ಒಂದು ರಾತ್ರಿ ನೀರಲ್ಲಿ ನೆನೆಸಿ, ನಾಲ್ಕು ದಿನ ಬಿಸಿಲಿಗೆ ಒಣಗಿಸಿ ಹಾಕಿದರೆ ಬಹಳ ಚೆನ್ನಾಗಿರುತ್ತದೆ, ಆದರೆ ಅಷ್ಟು ಜಾಗ ಬೇಕು. ಎಳನೀರು ಬುರುಡೆಯನ್ನು ಕೊಚ್ಚದೆ ಹಾಕಬೇಡಿ, ಅದರಲ್ಲಿ ನೀರು ನಿಂತು ಡೆಂಗ್ಯೂ ಸೊಳ್ಳೆ ಸಾಕಿದ ಹಾಗೆ. ಇನ್ನು ಆಯುಧಪೂಜೆ ಮರುದಿನ ಬೀದಿಬೀದಿಯಲ್ಲಿ ಬಿದ್ದಿರುವ ಬಾಳೆಕಂದು, ಅದನ್ನು ಬಿಡುವುದುಂಟೇ! ಎರಡಂಗುಲದ ಬಿಲ್ಲೆ ಮಾಡಿ ಎಲೆ ಪದರದ ಅಡಿಗೆ ಜೋಡಿಸಿದರೆ ಹದಿನೈದು ದಿನ ತಂಪು ಹಿಡಿದಿಡುತ್ತದೆ. ಕಳೆದ ವರ್ಷ ಮೂವತ್ತು ಕಂದು ಹೊತ್ತು ತಂದೆವು, ಮಗನೂ ಬಂದಿದ್ದ. ಒಡೆದ ಬೂದುಗುಂಬಳ ಮಾತ್ರ ಬೇಡ, ಕುಂಕುಮ ಬಳಿದಿರುತ್ತದೆ.

ಮಳೆಗಾಲದಲ್ಲಿ ಹೊದಿಕೆ ತೆಳ್ಳಗಿರಲಿ, ಒಂದಂಗುಲ ಸಾಕು. ದಪ್ಪ ಬಿಟ್ಟರೆ ದೊಡ್ಡ ಬಸವನಹುಳ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ಹೆಕ್ಕಬೇಕು. ಪಪ್ಪಾಯ ಎಲೆ, ಕಾಂಡದ ತುಂಡನ್ನು ಒಂದು ಒದ್ದೆ ಗೋಣಿ ಕೆಳಗೆ ಇಟ್ಟರೆ ಎಲ್ಲ ಅಲ್ಲೇ ಸೇರುತ್ತವೆ. ಉಪ್ಪು ನೀರಿನ ಬಕೆಟ್ಟಿಗೆ ಹಾಕಿ, ಕೈಗೆ ಗ್ಲೌಸ್ ಇರಲಿ. ಬೀಜ ಬಿತ್ತುವ ಸಾಲಿನಲ್ಲೂ ಎಲೆ ಪೂರ್ತಿ ಸರಿಸಿ, ಸಸಿ ನಾಲ್ಕೆಲೆ ಆದ ಮೇಲೆ ಮತ್ತೆ ಎಳೆಯಿರಿ.

ಈಗ ವರ್ಷದ ಖರ್ಚು ಮುನ್ನೂರು ರೂಪಾಯಿ ಒಳಗೆ, ಅದೂ ಚೀಲ ಮತ್ತು ಹಿಂಡಿಗೆ. ಈ ಫೆಬ್ರವರಿ, ಮಾರ್ಚ್‌ನಲ್ಲಿ ಮೂವತ್ತೆರಡು ಚೀಲ ತುಂಬಿ ಮೆಟ್ಟಿಲ ಕೆಳಗೆ ಜೋಡಿಸಿದ್ದೇನೆ. ತೀರ್ಥಹಳ್ಳಿಯ ಚಿಕ್ಕಮ್ಮ ಒಂದು ಮೂಟೆ ಅಡಿಕೆ ಸಿಪ್ಪೆ ಕಳಿಸಿದ್ದಾರೆ, ಎರಡು ಮಲ್ಲಿಗೆ ಬ್ಯಾಗಿಗೆ ಅದನ್ನೇ ಹಾಕಿ ನೋಡುತ್ತಿದ್ದೇನೆ. ಮೂರು ತಿಂಗಳಾಯಿತು, ಒಂದು ಎಳೆಯೂ ಕರಗಿಲ್ಲ. ಕೆಳಗಿನ ಮಣ್ಣು ಮಾತ್ರ ಮೆತ್ತಗಿದೆ, ಮೊನ್ನೆ ಕೆದಕಿದಾಗ ನಾಲ್ಕು ಎರೆಹುಳ ಕಂಡವು.